ಕರ್ಜತ್ ದಾಟಿದ ಮೇಲೆ

ಹೋದ ವಾರ ಪುಣೆಯ ಹತ್ತಿರದ ಕಾತ್ರಜ್ ಘಾಟ್ ಇಳಿಯುವಾಗ ನಮ್ಮ ಬಸ್ಸಿನ ಮುಂದೆ ಸಕ್ಕರೆ ಮೂಟೆ ಹೇರಿಕೊಂಡ ಲಾರಿಯೊಂದು ತೆವಳುತ್ತಿತ್ತು. ಅದರ ಚಕ್ರಗಳಿಂದ ಬ್ರೇಕ್ ಕಾದ ವಾಸನೆ ಬರತೊಡಗಿತು. ಸುಟ್ಟ ರಬ್ಬರೂ ಅಲ್ಲ, ಕಾದ ಕಬ್ಬಿಣವೂ ಅಲ್ಲ, ಗಂಟಲಿಗೆ ಅಂಟಿಕೊಳ್ಳುವಂಥದ್ದು. ಎಲ್ಲರೂ ಮೂಗು ಮುಚ್ಚಿಕೊಂಡು ಕಿಟಕಿ ಎಳೆದರು. ನಾನು ಹಾಗೇ ಕೂತಿದ್ದೆ. ಘಾಟ್ ಇಳಿಯುವ ರೈಲಿನಲ್ಲಿ ಇದೇ ವಾಸನೆಯನ್ನು ಊದುಬತ್ತಿಯ ಹೊಗೆಯ ಹಾಗೆ ಸುಖವಾಗಿ ಎಳೆದುಕೊಳ್ಳುತ್ತಿದ್ದ ಒಬ್ಬರು ನನಗೆ ಗೊತ್ತಿದ್ದರು…

ಪುಣೆಯ ಧನಕವಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಅವರು. ಗದಗಿನ ಕಡೆಯವರು. ಪುಣೆಯ ಕ್ಯಾಂಪ್ ಪೇಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾಗಿದ್ದರು. ಕೆಳಗೆ ಅವರು ಮತ್ತು ಅವರ ಹೆಂಡತಿ, ಮೇಲಿನ ಒಂದು ಕೋಣೆಯಲ್ಲಿ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳಲು ಹಾಸನದಿಂದ ಒಬ್ಬಳೇ ಬಂದಿದ್ದ ನಾನು. ಬೀದಿಯವರೆಲ್ಲ ಅವರನ್ನು ಮರಾಠಿಯಲ್ಲಿ ಕಾಕಾ, ಕಾಕೂ, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮನೆ ಕೇಳಲು ಹೋದ ದಿನ ಕಾಕಾ ನನ್ನ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಪುಣೆಗೆ ಹೇಗೆ ಬಂದೆ ಅಂತ ಕೇಳಿದರು. ಬಸ್ಸಿನಲ್ಲಿ ಅಂದೆ. ಪಾಪ ಅನ್ನುವ ಹಾಗೆ ನನ್ನನ್ನು ನೋಡಿದರು.

ಕಾಕಾಗೆ ಪುಣೆ-ಮುಂಬೈ ರೈಲುಹಾದಿಯಲ್ಲಿ ಲೋಣಾವಳದಿಂದ ಕರ್ಜತ್‌ವರೆಗಿನ ಘಾಟ್ ಅಂದರೆ ಜೀವ. ಬಯಲುಸೀಮೆಯಲ್ಲಿ ಹುಟ್ಟಿದ ಮನುಷ್ಯ. ಹರೆಯದಲ್ಲಿ ಕೆಲಸ ಹುಡುಕಿಕೊಂಡು ಮುಂಬೈಗೆ ಹೊರಟಾಗ ಮೊದಲ ಸಲ ಆ ಗುಡ್ಡ, ಸುರಂಗ, ಸುರಂಗದ ಬಾಯಲ್ಲಿ ಸುರಿಯುವ ನೀರು ಕಂಡರಂತೆ. ಮುಂಬೈಯ ಕೆಲಸ ಸಿಗಲಿಲ್ಲ, ಘಾಟ್ ಸಿಕ್ಕಿತು. ಅಂದಿನಿಂದ ರಜೆ ಬಂತೆಂದರೆ ರೈಲು ಹತ್ತಿ ಕರ್ಜತ್‌ನಲ್ಲಿ ಇಳಿಯುವುದು, ಪ್ಲಾಟ್‌ಫಾರ್ಮಿನಲ್ಲೇ ವಡಾಪಾವ್ ತಿನ್ನುವುದು, ಮುಂದಿನ ಗಾಡಿಗೆ ವಾಪಸ್ ಏರುವುದು. ಊರೊಳಗೆ ಕಾಲಿಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಮೊದಲು ಕರೆದುಕೊಂಡು ಹೋದದ್ದೂ ಅಲ್ಲಿಗೇ. ಎಲ್ಲರೂ ಮಹಾಬಳೇಶ್ವರಕ್ಕೆ ಹೋದರೆ ತನಗೆ ಕರ್ಜತ್‌ನ ಪ್ಲಾಟ್‌ಫಾರ್ಮ್ ತೋರಿಸಿದರು ಎಂದು ಕಾಕೂ ಬಂದವರೆದುರೆಲ್ಲ ಹೇಳಿ ನಗಿಸುತ್ತಿದ್ದರು.

ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಘಾಟಿನಲ್ಲಿ ಕಾಕಾ ಸುಮ್ಮನೆ ಕೂರುವವರಲ್ಲ. ಕಿಟಕಿಗೆ ಹಣೆ ಹಚ್ಚಿ ಒಂದೊಂದನ್ನೂ ಹೇಳುತ್ತಾ ಹೋಗುವವರು. ಕ್ರಿಕೆಟ್ ಕಾಮೆಂಟರಿ ಬೇಕು, ಇದು ಬೇಡ ಅನ್ನಿಸುತ್ತಿತ್ತು ನನಗೆ. ಕಾಕೂ ಮಾತ್ರ ಲೋಣಾವಳ ದಾಟುತ್ತಲೇ ಸೆರಗನ್ನು ತಲೆಗೆಳೆದುಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು.

ಆಮೇಲೆ ಕಾಕೂಗೆ ಆ ಕಾಯಿಲೆ ಬಂತು. ಹೊಟ್ಟೆಯಲ್ಲಿ ಗಡ್ಡೆ. ಮುಂಬೈಯ ದೊಡ್ಡ ಆಸ್ಪತ್ರೆಗೇ ಹೋಗಬೇಕು, ಬಾಟಲಿಯಲ್ಲಿ ಔಷಧ ಏರಿಸಿಕೊಳ್ಳಬೇಕು, ಬರಬೇಕು, ಮತ್ತೆ ಹೋಗಬೇಕು. ಹುಬ್ಬಳ್ಳಿಯಲ್ಲಿದ್ದ ಒಬ್ಬಳೇ ಮಗಳಿಗೆ ಕೈಗೂಸು. ಹಾಗಾಗಿ ರಜೆ ಹೊಂದಿಸಿಕೊಂಡು ನಾನು ಜೊತೆಗೆ ಹೋಗತೊಡಗಿದೆ. ಬೆಳಿಗ್ಗೆ ಘಾಟ್ ಇಳಿದು ಹೋಗುವುದು, ಸಂಜೆ ಹತ್ತಿ ಬರುವುದು. ವರ್ಷಗಟ್ಟಲೆ ಆಸೆಪಟ್ಟು ಓಡಾಡಿದ ಹಾದಿಯೇ ಆಸ್ಪತ್ರೆಯ ಹಾದಿಯಾಯಿತು. ಕಾಕಾ ಮೊದಮೊದಲು ದನಿ ತಗ್ಗಿಸಿ ಹೇಳುತ್ತಿದ್ದರು. ಆದರೆ ಒಂದು ಝರಿ ಕಂಡರೆ ಸಾಕು, ಮುಖ ಅರಳಿಬಿಡುತ್ತಿತ್ತು. ಅರಳಿದ್ದು ತಿಳಿದ ಕೂಡಲೇ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಹೆಂಡತಿಯ ಕಡೆ ನೋಡುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ಕರ್ಜತ್‌ನಲ್ಲಿ ಘಾಟ್ ಹತ್ತುವ ಗಾಡಿಗಳ ಹಿಂದೆ ತಳ್ಳಲು ಇಂಜಿನ್ ಜೋಡಿಸುತ್ತಾರೆ. ಅಷ್ಟು ಹೊತ್ತು ಗಾಡಿ ನಿಲ್ಲಲೇಬೇಕು. ಕಾಕಾ ಪ್ರತಿ ಸಲ ಇಳಿದು ಕೊನೆಯ ಬೋಗಿಯ ತನಕ ನಡೆದು, ಜೋಡಿಸುವುದನ್ನು ಕಣ್ತುಂಬ ನೋಡಿ, ವಡಾಪಾವ್ ಹಿಡಿದು ಬರುತ್ತಿದ್ದರು. ಒಂದು ದಿನ ಆಸ್ಪತ್ರೆಯ ಕೆಲಸ ಬೇಗ ಮುಗಿದು ಎಂದಿನ ಗಾಡಿಗಿಂತ ಮೊದಲಿನ ಗಾಡಿ ಸಿಕ್ಕಿತ್ತು. ಗಾಲಿಕುರ್ಚಿಯಿಂದ ಕಾಕೂನನ್ನು ಎತ್ತಿ ಹತ್ತಿಸುವ ಗಡಿಬಿಡಿಯಲ್ಲಿ ಗಾಡಿಯ ಹಿಂದೆ ಮುಂದೆ ಯಾರೂ ನೋಡಿರಲಿಲ್ಲ. ಅದು ಮುಂಬೈಯಿಂದಲೇ ಎರಡೂ ತುದಿಗೆ ಇಂಜಿನ್ ಹಚ್ಚಿಕೊಂಡು ಬರುವ ಹೊಸ ಏರ್ಪಾಡಿನ ಗಾಡಿ. ಕರ್ಜತ್‌ನಲ್ಲಿ ಅದಕ್ಕೇನೂ ಕೆಲಸವಿಲ್ಲ, ಒಂದೆರಡು ನಿಮಿಷ ನಿಂತು ಹೊರಟುಬಿಡುತ್ತದೆ. ಕಾಕಾ ಹಿಂದಿನ ತುದಿಗೆ ಹೋಗಿ, ಜೋಡಿಸಬೇಕಾದ ಇಂಜಿನ್ ಮೊದಲೇ ನಿಂತಿರುವುದನ್ನು ಕಂಡು ಬೆರಗಾಗುವಷ್ಟರಲ್ಲಿ ಅದು ಅವರ ಕಣ್ಣೆದುರೇ ಹೊರಟಿತು. ರೈಲಿನ ಗಂಧಗಾಳಿ ಇಲ್ಲದ ಯಾರಿಗೂ ಆಗದ ತಪ್ಪು ಅದು. ಅಂಥವರು ಗಾಡಿ ಬಿಟ್ಟು ಇಳಿಯುತ್ತಲೇ ಇರಲಿಲ್ಲ.

ಗಾಡಿ ಚಲಿಸಿದಾಗ ನಾನು ಬಾಗಿಲಿಗೆ ಓಡಿದೆ. ಅವರ ಫೋನ್‌ಗೆ ಮಾಡಿದರೆ ತಲೆಯ ಮೇಲಿನ ಚೀಲದಲ್ಲೇ ಗುಣುಗುಟ್ಟಿತು. ಕಾಕೂ ಕಣ್ಣು ತೆರೆದು ಖಾಲಿ ಸೀಟು ನೋಡಿದರು. ಗಾಬರಿಯಾಗುತ್ತಾರೆ ಅಂದುಕೊಂಡೆ.

"ಇಂಜಿನ್ ನೋಡ್ಲಿಕ್ಕೆ ಹೋಗ್ಯಾರ. ಹಿಂದಿನ ಗಾಡಿಗೆ ಬರ್ತಾರ ಬಿಡು. ನೀ ಇಲ್ಲಿ ಬಾ, ನನ್ನ ಕಿಟಕಿ ಕಡೆ ಕೂಡಸು," ಅಂದರು.

ಕೂರಿಸಿದೆ. ಅಲ್ಲಿಂದ ಲೋಣಾವಳ ಬರುವವರೆಗೆ ಕಾಕೂ ಘಾಟನ್ನು ನನಗೆ ಹೇಳಿದರು. ಯಾವ ಬೋಗದೆ, ಅಂದರೆ ಸುರಂಗ, ಆದ ಮೇಲೆ ಯಾವ ಸೇತುವೆ, ಎಲ್ಲಿ ಗಾಡಿ ಉಸಿರು ಬಿಗಿಹಿಡಿಯುತ್ತದೆ, ಇಳಿಯುವ ಗಾಡಿಗೆ ಬ್ರೇಕ್ ಹತ್ತದಿದ್ದರೆ ಗುಡ್ಡದ ಮೇಲೆ ಹತ್ತಿಸಿ ನಿಲ್ಲಿಸುವ ಅಡ್ಡಹಾದಿ ಎಲ್ಲಿದೆ, ನಡುವಿನ ಸಣ್ಣ ನಿಲ್ದಾಣಗಳಾದ ನಾಗನಾಥ, ಮಂಕಿ ಹಿಲ್, ಖಂಡಾಲಾ, ಒಂದೂ ಬಿಡದೆ. ಮಾತು ಕಾಕಾದು, ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಕಾಕಾದು. ನಾನು ಬಿಟ್ಟ ಬಾಯಿ ಮುಚ್ಚಿರಲಿಲ್ಲ. ನೀವು ನಿದ್ದೆ ಮಾಡುತ್ತಿರಲಿಲ್ಲವೇ ಅಂದೆ. ಕಣ್ಣು ತೆರೆದರೆ ಬರೀ ಗುಡ್ಡ ಕಾಣುತ್ತದೆ, ಮುಚ್ಚಿಕೊಂಡರೆ ಅವರು ಹೇಳಿದ ಹಾಗೆ ಕಾಣುತ್ತದೆ ಅಂದರು. ನೋವು ಬಂದಾಗಲೂ ಆ ದನಿ ಕೇಳುತ್ತಿದ್ದರೆ ಹೊತ್ತು ಹೋಗುತ್ತದೆ ಅಂತಲೂ ಅಂದರು.

ಪುಣೆ ಸ್ಟೇಷನ್‌ನಲ್ಲಿ ಕಾಕೂ ಮನೆಗೆ ಹೊರಡಲು ಒಪ್ಪಲಿಲ್ಲ. ಬೆಂಚಿನ ಮೇಲೆ ಒರಗಿ ಕಾದರು. ಮುಂದಿನ ಗಾಡಿಯಿಂದ ಇಳಿದ ಕಾಕಾ ಹೆಂಡತಿಯ ಮುಖ ನೋಡಲಿಲ್ಲ. ಮರುದಿನ ಸ್ನಾನ ಮಾಡಿ ಮನೆದೇವರು ಬನಶಂಕರಿಯ ಪಟದ ಮುಂದೆ ಹರಕೆ ಹೊತ್ತರು. ಅವರ ಕಡೆ ಅದೊಂದು ಪದ್ಧತಿ. ಮನೆಯವರ ಜೀವಕ್ಕೆ ಕುತ್ತು ಬಂದರೆ ತನಗೆ ತೀರಾ ಪ್ರೀತಿಯದ್ದನ್ನು ಬಿಡುವುದು. ಯಾರೋ ಬೆಲ್ಲ ಬಿಡುತ್ತಾರೆ, ಯಾರೋ ಎಲೆಯಡಿಕೆ. ಕಾಕಾ ಘಾಟ್ ಬಿಟ್ಟರು. ಕಾಕೂ ಆರಾಮ ಆಗುವ ತನಕ ಘಾಟಿನಲ್ಲಿ ಕಣ್ಣು ತೆರೆಯುವುದಿಲ್ಲ, ಅದರ ಮಾತು ಆಡುವುದಿಲ್ಲ.

ನಾನು ಸುಮ್ಮನಿರಲಿಲ್ಲ. ಕಾಕೂ ನಿದ್ದೆ ಮಾಡುತ್ತಿರಲಿಲ್ಲ, ಎಲ್ಲ ಕೇಳಿಸಿಕೊಳ್ಳುತ್ತಿದ್ದರು, ಅದೇ ಅವರಿಗೆ ಔಷಧ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಕಾಕಾ ನಂಬಿದರು. ನಂಬಿ ಅತ್ತರು. ಆದರೆ ಹರಕೆ ಮುರಿಯುವ ಧೈರ್ಯ ಅವರಿಗೆ ಬರಲಿಲ್ಲ. ತಾನು ಬಾಯಿ ತೆರೆದ ದಿನವೇ ಹೆಂಡತಿಗೆ ಏನಾದರೂ ಆದರೆ? ಇಷ್ಟು ದಿನ ಹೇಳಿದ್ದೆಲ್ಲ ತನ್ನ ಚಟಕ್ಕೆ, ಈ ಸಲ ಸುಮ್ಮನಿರುವುದು ಅವಳಿಗಾಗಿ ಅಂದರು. ಪಾಠ ಹೇಳುವವಳಲ್ಲವೇ, ವಾದ ಮಾಡಿದೆ. ಭಯದ ಮುಂದೆ ವಾದ ಎಲ್ಲಿ ನಡೆದೀತು…

ಕೊನೆಯ ಸಲ ಹೋಗಿ ಬಂದದ್ದು ಮಳೆಗಾಲದಲ್ಲಿ. ಡಾಕ್ಟರು ಇನ್ನು ಬರುವುದು ಬೇಡ, ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದರು. ಅದರ ಅರ್ಥ ಮೂವರಿಗೂ ಗೊತ್ತಿತ್ತು. ಕರ್ಜತ್ ದಾಟಿದ ಮೇಲೆ ಕಾಕಾ ಎಂದಿನಂತೆ ಕೈಕಟ್ಟಿ, ಕಣ್ಣು ಬಿಗಿಯಾಗಿ ಮುಚ್ಚಿ ಕೂತರು. ಕಾಕೂ ಅವರ ತೊಡೆಯ ಮೇಲೆ ಕೈಯಿಟ್ಟರು.

"ರೀ, ಎಲ್ಲಿಗೆ ಬಂತು ಹೇಳ್ರಿ."

"ಇನ್ನೂ ದೂರ ಅದ. ಮಕ್ಕೋ."

"ಹೇಳ್ರಿ. ಭಾಳ ದಿನ ಆತು ಕೇಳಿ."

ಕಾಕಾ ಒಲ್ಲೆನೆಂದು ತಲೆಯಾಡಿಸಿದರು. ಮುಚ್ಚಿದ ರೆಪ್ಪೆಗಳ ಸಂದಿಯಿಂದ ನೀರು ಇಳಿಯುತ್ತಿತ್ತು. ನಾನು ಎದುರಿಗೆ ಕೂತು ಸಿಟ್ಟಿನಿಂದ ಕುದಿಯುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಕಾಕೂ ತಾವೇ ಶುರು ಮಾಡಿದರು. ಪಳಸದರಿ ಹೋಯಿತು, ಈಗ ಏರು ಶುರುವಾಯಿತು, ಇದು ಸಣ್ಣ ಬೋಗದೆ, ಮುಗಿಯುವಷ್ಟರಲ್ಲಿ ಬಲಗಡೆ ನೀರು ಬೀಳುತ್ತದೆ… ಪ್ರತಿ ಮಾತಿಗೂ ಉಸಿರು ಎಳೆದುಕೊಳ್ಳಬೇಕಾಗಿತ್ತು. ಕಾಕಾ ಕಿವಿ ಮುಚ್ಚಿಕೊಳ್ಳಲಿಲ್ಲ. ಕೇಳುವುದನ್ನು ಹರಕೆಯಲ್ಲಿ ಸೇರಿಸಿರಲಿಲ್ಲವಲ್ಲ. ಠಾಕುರವಾಡಿ ದಾಟಿತು. ನಾಗನಾಥ ಬಂತು. ಅಲ್ಲಿ ಕಾಕೂಗೆ ಸಾಕಾಯಿತು.

"ಮುಂದಿಂದು ನೀವ ಹೇಳ್ರಿ," ಅಂದು ಗಂಡನ ಭುಜಕ್ಕೆ ತಲೆಯಿಟ್ಟರು.

ಕಾಕಾರ ತುಟಿ ಅಲುಗಿತು. ದನಿ ಬರಲಿಲ್ಲ. ಗಾಡಿ ಸುರಂಗ ಹೊಕ್ಕಿತು, ಹೊರಗೆ ಬಂತು, ಮತ್ತೆ ಹೊಕ್ಕಿತು. ಹಾಗೇ ಲೋಣಾವಳ ಬಂತು. ಆ ತಿಂಗಳು ಮುಗಿಯುವ ಮೊದಲೇ ಕಾಕೂ ಹೋದರು.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಚಹಾ ಕುಡಿಯುವಾಗ ನಾನೇ ಕೇಳಿದೆ: ಇನ್ನಾದರೂ ಒಮ್ಮೆ ಕರ್ಜತ್‌ಗೆ ಹೋಗಿ ಬರಬಾರದೇ, ಬೇಕಾದರೆ ಜೊತೆಗೆ ಬರುತ್ತೇನೆ. ಕಾಕಾ ಚಹಾದ ಬಸಿಯನ್ನು ಕೆಳಗಿಟ್ಟರು.

"ಆಕಿ ಆರಾಮ ಆಗೋತನಕ ಅಂತ ಬೇಡ್ಕೊಂಡಿದ್ದೆ, ತಂಗಿ. ಆಕಿ ಆರಾಮ ಆಗ್ಲಿಲ್ಲ."

ಅಷ್ಟೇ. ಆ ಹರಕೆ ತೀರುವ ದಾರಿಯೇ ಉಳಿದಿರಲಿಲ್ಲ. ಆಮೇಲೆ ಮಗಳು ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ನಾನು ಪುಣೆಯ ಇನ್ನೊಂದು ತುದಿಯ ವಾಕಡಕ್ಕೆ ಮನೆ ಬದಲಿಸಿದೆ. ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದೆ. ಮುಂಬೈಗೆ ಹೋಗಿದ್ದೆ ಅಂದರೆ ಸಾಕು, ಮಾತು ತಿರುಗಿಸಿ ನನ್ನ ಊಟ ತಿಂಡಿ ವಿಚಾರಿಸುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಮಗಳು ಹೇಳಿದ ಪ್ರಕಾರ ಕೊನೆಯ ತನಕ ಘಾಟಿನ ಒಂದು ಮಾತೂ ಬಾಯಿಂದ ಬರಲಿಲ್ಲ. ಮೊಮ್ಮಗ ಆಟದ ರೈಲು ತಂದು ತೋರಿಸಿದರೂ ನಕ್ಕು ತಲೆ ಸವರಿ ಕಳಿಸುತ್ತಿದ್ದರಂತೆ.

ಕಾಕಾ ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನಿಸಲಾಗಿಲ್ಲ. ಒಂದೊಂದು ದಿನ ಅವರ ಮೇಲೆ ಸಿಟ್ಟು ಉಕ್ಕಿ ಬರುತ್ತದೆ. ಒಂದೊಂದು ದಿನ ಅಷ್ಟು ಪ್ರೀತಿಸಿದ್ದನ್ನು ಅಷ್ಟು ಪೂರ್ತಿಯಾಗಿ ಬಿಟ್ಟುಕೊಡಲು ನನ್ನಿಂದಾಗುತ್ತಿತ್ತೇ ಅನ್ನಿಸುತ್ತದೆ.

ಪರೀಕ್ಷೆಯ ಕೆಲಸಕ್ಕೆಂದು ಮುಂಬೈಗೆ ಹೋದಾಗ ಈಗ ನಾನು ರೈಲಿನಲ್ಲೇ ಬರುತ್ತೇನೆ. ಕಿಟಕಿಯ ಪಕ್ಕ ಕೂರುತ್ತೇನೆ. ನಾಗನಾಥ ಬಂದಾಗ ಪಕ್ಕದಲ್ಲಿ ಯಾರಿದ್ದಾರೆಂದೂ ನೋಡದೆ ಬಾಯಿ ತೆರೆಯಬೇಕು ಅನ್ನಿಸುತ್ತದೆ. ಮುಂದೆ ಬರುವುದೆಲ್ಲ ನನಗೆ ಗೊತ್ತು, ಒಂದೂ ಬಿಡದೆ ಹೇಳಬಲ್ಲೆ. ಆದರೆ ಕಾಕೂ ಕೇಳಿದ್ದು ನನ್ನನ್ನಲ್ಲ.