ಆಕಳ ಅಳತೆಯಲ್ಲಿ ಕುದುರೆ ಹಾಲು

ಆ ಮೊದಲ ಬಾಟಲಿಯಲ್ಲಿ ನೀರಿರಲಿಲ್ಲ, ರಝಿಯಾ. ಸಕ್ಕರೆಯೂ ಇರಲಿಲ್ಲ. ಇದ್ದದ್ದು ಕುದುರೆ ಹಾಲು ಮಾತ್ರ — ನಿನ್ನ ಅತ್ತೆ ಹಿಂಡಿದ್ದು, ನೀನು ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಇದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ನೀನೇ ಬಂದು ಕೇಳಿದ ದಿನವೂ ಬಿಡಲಿಲ್ಲ.

ನಾನು ಎಂಥವನೆಂದು ನಿನಗೆ ಪೂರ್ತಿ ಗೊತ್ತಿಲ್ಲ. ರಾಯಚೂರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಹಾಲು ಪರೀಕ್ಷಿಸುವುದು ನನ್ನ ಕೆಲಸ. ಸಂಶಯ ಪಡುವುದಕ್ಕೇ ನನಗೆ ಸಂಬಳ ಎಂದರೂ ನಡೆಯುತ್ತದೆ. ಬೀಗರ ಮನೆಯಲ್ಲಿ ಚಹಾ ಕುಡಿದು, ನಿಮ್ಮ ಹಾಲಿನವನು ಕೈ ತೋರಿಸಿದ್ದಾನೆ ಎಂದು ಎಲ್ಲರೆದುರು ಹೇಳಿ, ಹೆಂಡತಿಯಿಂದ ದಾರಿಯುದ್ದಕ್ಕೂ ಬೈಸಿಕೊಂಡವನು. ಹಾಲು ತಂದವರ ಮುಖ ನೋಡಿದರೆ ಸಾಕು, ಒಳಗೇನಿದೆ ಎಂದು ಹೇಳಬಲ್ಲೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಜನ ಹೆದರುತ್ತಿದ್ದರು. ಆ ಹೆದರಿಕೆಯನ್ನೇ ನಾನು ಮರ್ಯಾದೆ ಅಂದುಕೊಂಡಿದ್ದೆ.

ನಿನ್ನ ಅತ್ತೆ ಹುಸೇನಬಿ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು. ಈದ ಕುದುರೆಯ ಹಾಲನ್ನು, ಮಕ್ಕಳ ಕೆಮ್ಮಿಗೆಂದು ಕೇಳಿಕೊಂಡು ಬಂದವರಿಗೆ ಕೊಡುತ್ತಿದ್ದರು. ಹೈದರಾಬಾದಿನ ವ್ಯಾಪಾರಿಯೊಬ್ಬ, ಈ ಹಾಲಿನಲ್ಲಿ ಸತ್ವ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿಕೊಡಿ, ಚಲೋ ಇದ್ದರೆ ಖಾಯಂ ಕೊಳ್ಳುತ್ತೇನೆ ಎಂದಿದ್ದ. ಅದಕ್ಕೇ ನಿನ್ನನ್ನು ನನ್ನ ಹತ್ತಿರ ಕಳಿಸಿದ್ದು. ನಾನು ಅಲ್ಲಿಯವರೆಗೆ ಕುದುರೆ ಹಾಲು ಕಂಡವನೇ ಅಲ್ಲ. ಅಷ್ಟು ಹೇಳಿಬಿಟ್ಟಿದ್ದರೆ — ಆದರೆ ನನ್ನಂಥವನು ಗೊತ್ತಿಲ್ಲ ಎನ್ನುವುದುಂಟೇ?

ಗಾಜಿನ ನಳಿಗೆಯಲ್ಲಿ ಹಾಲಿಗೆ ಆಮ್ಲ ಸೇರಿಸಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಆಕಳ ಹಾಲಾದರೆ ಎದ್ದು ಕಾಣುವಷ್ಟಿರುತ್ತದೆ. ನೀನು ತಂದ ಹಾಲಿನಲ್ಲಿ ಸಣ್ಣ ಹಳದಿ ಗೆರೆ, ಅಷ್ಟೆ. ಪ್ರೋಟೀನಿಗಾಗಿ ಹಾಲನ್ನು ಆಮ್ಲದಲ್ಲಿ ಕುದಿಸಿ ಸಾರಜನಕ ಅಳೆಯುತ್ತೇವೆ; ಅದೂ ಕಡಿಮೆ. ಆದರೆ ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರು ನೀರು ಬೆರೆತ ಹಾಲಿನಲ್ಲಿ ಮುಳುಗುವಂತೆ ಮುಳುಗಲಿಲ್ಲ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ — ಸಿಹಿ. ಸಿಕ್ಕಿಬಿದ್ದರು ಅಂದುಕೊಂಡೆ. ಕೆನೆ ತೆಗೆದು, ನೀರು ಹೊಯ್ದು, ಗೊತ್ತಾಗದಿರಲೆಂದು ಸಕ್ಕರೆ ಕಲಸಿದ್ದಾರೆ. ನನಗೆ ಹಳೆಯ ಆಟ ಇದು. ಸಕ್ಕರೆ ಹಾಕಿದ್ದರೆ ಬಣ್ಣ ಕೆಂಪಾಗುವ ಪುಟ್ಟ ಪರೀಕ್ಷೆಯೊಂದಿದೆ. ಅದನ್ನು ಮಾಡುವ ಗೋಜಿಗೂ ಹೋಗಲಿಲ್ಲ. ಕಲಬೆರಕೆ ಎಂದು ಬರೆದು ಕೈ ತೊಳೆದುಕೊಂಡೆ.

ಹುಸೇನಬಿ ಸಿಟ್ಟಿನಿಂದ ಬಂದರು. ಹಾಲಿನವರೆಲ್ಲ ನೋಡುತ್ತಿದ್ದಂತೆ ಮೇಜು ಬಡಿದು, "ನನ್ನ ಕೈಯಾರೆ ಹಿಂಡೀನಿ ಸಾಹೇಬ್ರ. ನೀವ ಬರ್ರಿ ದೇವದುರ್ಗಕ್ಕ, ನಿಮ್ಮ ಕಣ್ಣೀಲೇ ನೋಡ್ರಿ," ಎಂದರು.

ಹೋದೆ. ಕಳ್ಳತನ ಹಿಡಿಯಲೆಂದೇ ಹೋದೆ. ನೀನು ಮರಿಯನ್ನು ತಾಯಿಯ ಮೂಗಿಗೆ ತಾಗುವಂತೆ ಹಿಡಿದು ನಿಂತಿದ್ದೆ, ಇಲ್ಲದಿದ್ದರೆ ಕುದುರೆ ಹಾಲು ಇಳಿಸುವುದಿಲ್ಲವಂತೆ. ನಾನು ಪಾತ್ರೆಯನ್ನು ಬೋರಲು ಹಾಕಿ ನೋಡಿದೆ, ಮೂಸಿ ನೋಡಿದೆ. ನಿನ್ನ ಅತ್ತೆಗೆ ರವಿಕೆಯ ತೋಳು ಮೇಲೇರಿಸಲು ಹೇಳಿದೆ, ಒಳಗೆ ಏನೋ ಅಡಗಿಸಿದ್ದಾರೆಂಬಂತೆ. ಆಕೆ ಏರಿಸಿದರು. ಕೆಚ್ಚಲಿನಿಂದ ಬಂದ ಹಾಲನ್ನು ನಾನೇ ಬಾಟಲಿಗೆ ತುಂಬಿ, ನಾನೇ ಮುಚ್ಚಳ ಬಿಗಿದು ತಂದೆ.

ರಾಯಚೂರಿಗೆ ಬಂದು ನೋಡಿದರೆ ಅದೇ ಗೆರೆ. ಅದೇ ಸಿಹಿ. ಈ ಸಲ ಸಕ್ಕರೆಯ ಪರೀಕ್ಷೆಯನ್ನೂ ಮಾಡಿದೆ, ಬಣ್ಣ ತಿರುಗಲಿಲ್ಲ. ದನದ ಡಾಕ್ಟರಾಗಿರುವ ಗೆಳೆಯನಿಗೆ ಫೋನು ಹಚ್ಚಿ, ಯಾರದೋ ಮಾತೆಂಬಂತೆ ಕೇಳಿದೆ.

"ಕುದುರಿ ಹಾಲು ಹುಟ್ಟಾ ತೆಳ್ಳಗ ಇರ್ತದಲೇ, ಸಿಹೀನೂ ಹೌದು. ಆಕಳ ಲೆಕ್ಕಕ್ಕ ಹಚ್ಚಿ ನೋಡಿದೇನು ಮತ್ತ?" ಎಂದು ಅವನು ನಕ್ಕ. ನಾನೂ ನಕ್ಕೆ.

ಆಗಲೇ ಹೇಳಬಹುದಿತ್ತು. ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಆದರೆ ನಾನು ಅಲ್ಲಿಯವರೆಗೆ ಹಿಡಿದುಕೊಟ್ಟವರೆಲ್ಲ ನಾಳೆ ಎದ್ದು ಬಂದು, ನಮ್ಮದೂ ಹೀಗೇ ಏನ್ರಿ ಎಂದು ಕೇಳಿದರೆ — ಆ ಭಯಕ್ಕೆ ಹುಸೇನಬಿಗೆ ಫೋನು ಮಾಡಿ, "ಈ ಸಲದ ಹಾಲು ಚೊಕ್ಕ ಅದರೀ," ಎಂದೆ. ಈ ಸಲದ್ದು. ಆ ಮಾತನ್ನು ಬೇಕೆಂದೇ ಆರಿಸಿಕೊಂಡಿದ್ದೆ. ಆಕೆ, "ಹಂಗಾದ್ರ ಮೊದಲಿಂದು?" ಎಂದು ಕೇಳಿದರು. ಅದು ನನಗೆ ಗೊತ್ತಿಲ್ಲ ಎಂದೆ.

ಆಕೆಗೆ ತಮ್ಮ ಕೈಯ ಮೇಲೆ ಅನುಮಾನವಿರಲಿಲ್ಲ. ನನ್ನ ಮೇಲೂ ಇರಲಿಲ್ಲ. ಇನ್ನು ಉಳಿದವಳು ಬಾಟಲಿ ತಂದ ನೀನು. ನನಗೆ ಬಾಟಲಿ ಕೊಡುವ ಮೊದಲು ರಾಯಚೂರಿನಲ್ಲಿ ಅಕ್ಕನ ಮನೆಗೆ ಹೋಗಿ ಬಂದೆ ಎಂದು ನೀನೇ ಹೇಳಿದ್ದೆ. ಅಕ್ಕನ ಕೂಸಿಗೆ ಕೆಮ್ಮಿತ್ತು. ಇನ್ನೇನು ಬೇಕು? ಕೂಸಿಗೆ ಹಾಲು ಕುಡಿಸಿ, ನೀರು ಸಕ್ಕರೆ ಕಲಸಿ ತುಂಬಿದಳು ಎಂದಾಯಿತು. ಅಂದಿನಿಂದ ಹಾಲಿನ ಪಾತ್ರೆ ನಿನ್ನ ಕೈಗೆ ಸಿಗಲಿಲ್ಲವಂತೆ. ನೀನು ಇಟ್ಟ ಚಹಾವನ್ನೂ ನಿನ್ನ ಅತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ.

ನೀನು ಒಬ್ಬಳೇ ಪ್ರಯೋಗಾಲಯಕ್ಕೆ ಬಂದೆ. "ಸರ್, ನಮ್ಮತ್ತಿಗೆ ಒಂದ್ ಮಾತು ಹೇಳ್ರಿ. ಅಕ್ಕನ ಮನ್ಯಾಗ ನಾ ಬಾಟ್ಲಿ ಚೀಲದಿಂದ ಹೊರಗ ಸೈತ ತಗದಿಲ್ಲರೀ."

ನನಗೆ ಎಲ್ಲಾ ಗೊತ್ತಿತ್ತು. ನಿನ್ನ ಮುಖ ನೋಡಲಿಲ್ಲ, ನಳಿಗೆ ತೊಳೆಯುತ್ತಾ ಹೇಳಿದೆ: "ಮೊದಲನೇ ಬಾಟ್ಲ್ಯಾಗ ನೀರಿತ್ತವಾ. ಹೆಂಗ ಬಂತು ಅನ್ನೂದು ನಿನಗ ಗೊತ್ತು."

ನೀನು ಅಳಲಿಲ್ಲ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಹೊರಟು ಹೋದೆ. ಸ್ವಲ್ಪ ದಿನ ತವರಲ್ಲಿ ಇದ್ದು ಬಾ ಎಂದು ಮಾನ್ವಿಗೆ ಕಳಿಸಿದರು ಎಂದು ಕೇಳಿದೆ. ಲಾರಿ ಓಡಿಸುವ ನಿನ್ನ ಗಂಡ ಆ ದಾರಿಯಲ್ಲೇ ತಿರುಗಾಡಿದರೂ ಕರೆಯಲು ಬರಲಿಲ್ಲ.

ಇಷ್ಟು ವರ್ಷ ನಾನು ಚೆನ್ನಾಗಿಯೇ ಉಂಡು ಮಲಗಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮೊನ್ನೆ ಮಾನ್ವಿ ಬಸ್ ನಿಲ್ದಾಣದಲ್ಲಿ, ಹೊಲಿಯುವ ಬಟ್ಟೆಯ ಗಂಟು ಹಿಡಿದಿದ್ದ ನೀನು ನನ್ನನ್ನು ಗುರುತು ಹಿಡಿದು ಹತ್ತಿರ ಬಂದೆ. ಬೈಯುತ್ತಾಳೆ ಅಂದುಕೊಂಡು ನಾನು ಆಚೀಚೆ ಜನ ಇದ್ದಾರೆಯೇ ನೋಡಿದೆ. ನೀನು ಕೇಳಿದ್ದು ಇಷ್ಟೇ: "ಸರ್, ಆ ಮಷೀನು ಈಗರ ದುರಸ್ತಿ ಆಗ್ಯದೇನ್ರಿ?"

ಇಷ್ಟು ವರ್ಷ ನೀನು ಮಷೀನು ಕೆಟ್ಟಿತ್ತು ಅಂದುಕೊಂಡಿದ್ದೆ. ಅತ್ತೆಯ ಮೇಲೆ ಸಂಶಯವಿಲ್ಲ, ನನ್ನ ಮೇಲೂ ಇಲ್ಲ. ಹ್ಞೂಂ ಎಂದು ಗೊಣಗಿ, ಬಂದ ಬಸ್ಸು ಎಲ್ಲಿಗೆ ಎಂದೂ ನೋಡದೆ ಹತ್ತಿಬಿಟ್ಟೆ. ಅಲ್ಲಿಯೂ ಹೇಳಲಾಗಲಿಲ್ಲ. ಮಷೀನು ಕೆಟ್ಟಿರಲಿಲ್ಲ, ರಝಿಯಾ.

ನಿನ್ನೆ ದೇವದುರ್ಗಕ್ಕೆ ಹೋಗಿದ್ದೆ. ಹುಸೇನಬಿಯ ಮುಂದೆ, ನಿನ್ನ ಗಂಡನ ಮುಂದೆ ಎಲ್ಲವನ್ನೂ ಹೇಳಿದೆ — ಎರಡೂ ಬಾಟಲಿಯ ಹಾಲು ಒಂದೇ ಎಂದು, ತಪ್ಪು ನನ್ನದೆಂದು, ಗೊತ್ತಿದ್ದೂ ಮುಚ್ಚಿಟ್ಟೆನೆಂದು. ನಿನ್ನ ಗಂಡ ತಲೆ ಎತ್ತದೆ ಕುದುರೆಯ ಬೆನ್ನು ಉಜ್ಜುತ್ತಲೇ ಇದ್ದ. ಹುಸೇನಬಿ ನನ್ನ ಮುಂದೆ ಚಹಾ ಇಟ್ಟು ಕೇಳಿದರು:

"ಅಕಿ ಕಳಿಸ್ಯಾಳೇನ್ ನಿಮ್ಮನ್ನ?"

ಇಲ್ಲ ಎಂದೆ. ಆಣೆ ಮಾಡಿದೆ. "ಆಗೊಂದು ಹೇಳಿದ್ರಿ, ಈಗೊಂದು ಹೇಳ್ತೀರಿ. ಯಾವುದು ನಂಬ್ಲಿ?" ಎಂದರು. ನನ್ನ ಚಹಾವನ್ನು ಹಾಗೇ ಬಿಟ್ಟು ಎದ್ದು ಬಂದೆ.

ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಶುಕ್ರವಾರ ಮತ್ತೆ ಹೋಗುತ್ತೇನೆ. ಬಾಗಿಲು ತೆಗೆಯದಿದ್ದರೆ ಓಣಿಯಲ್ಲಿ ನಿಂತು ಹೇಳುತ್ತೇನೆ, ಆ ಓಣಿಯವರೆಲ್ಲ ಕೇಳಲಿ. ಅವರು ನಂಬುವವರೆಗೆ ಹೋಗುತ್ತಲೇ ಇರುತ್ತೇನೆ. ನೀನು ಮಾತ್ರ ಜೊತೆಗೆ ಬರಬೇಡ. ನನ್ನ ಪಕ್ಕದಲ್ಲಿ ನಿನ್ನನ್ನು ಕಂಡರೆ, ಇಬ್ಬರೂ ಮಾತಾಡಿಕೊಂಡೇ ಬಂದಿದ್ದಾರೆ ಎನ್ನುತ್ತಾರೆ.