ಸಾತನೂರಿನಲ್ಲಿ ನಾನು ಬರೆದ ಮೊದಲ ಅರ್ಜಿ

ಬೆಳಿಗ್ಗೆ ಆರಕ್ಕೆ ಎಂದಿನಂತೆ ಚೊಂಬು ಹಿಡಿದು ಹಿಂದಿನ ಮನೆಯ ಜಯಕ್ಕನ ಕೊಟ್ಟಿಗೆಗೆ ಹೋದೆ. ಹಾಲು ಕರೆಯುವ ಮೆಷಿನ್ನು ಗೋಣಿತಾಟಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಯೂನಿಫಾರಂ ತೊಟ್ಟೇ ಅದನ್ನು ರಿಪೇರಿ ಮಾಡುತ್ತಿದ್ದವಳು ಅವರ ಮಗಳು, ಒಂಬತ್ತನೇ ಕ್ಲಾಸಿನ ಚಂದನಾ. ಹಸುಗಳೂ ಅವಳನ್ನೇ ಕಾಯುತ್ತಿದ್ದವು.

ಮಂಗಳೂರಿನಲ್ಲಿ ನಮಗೆ ಹಾಲೆಂದರೆ ಗೇಟಿಗೆ ನೇತುಹಾಕಿದ ಚೀಲದೊಳಗಿನ ಪ್ಯಾಕೆಟ್ಟು. ಗಂಡನ ವರ್ಗಾವಣೆಯಿಂದ ಸಾತನೂರಿಗೆ ಬಂದು ಹತ್ತು ತಿಂಗಳಾದರೂ, ಹಾಲಿಗೆ ಹೋದವಳು ಗಂಟೆಗಟ್ಟಲೆ ಕೂತು ಬರುವುದು ನನಗಿನ್ನೂ ಸೋಜಿಗ.

"ಒಸಿ ಕುಂತ್ಕಳಿ ಅಕ್ಕ," ಎಂದರು ಜಯಕ್ಕ. ಒಸಿ ಎಂದರೆ ಸ್ವಲ್ಪ. ಇಲ್ಲಿ ಅದಕ್ಕೆ ಅಳತೆಯಿಲ್ಲ. "ಇವ್ಳು ಇಸ್ಕೂಲಲ್ಲಿ ಕಸುಬಿನ ಪಾಠಕ್ಕೆ ಆಟೋಮೊಬೈಲೇ ತಕತೀನಿ ಅಂತ ಕುಂತವ್ಳೆ. ಹುಡ್ಗೀರಿಗೆ ಬ್ಯೂಟಿಷಿಯನ್ ಅಂತೆ. ಬ್ಯಾಡ ಅಂದ್ರೆ ಅಪ್ಪನ ಒಪ್ಗೆ ಅರ್ಜಿ ತರ್ಬೇಕಂತೆ, ಇವತ್ತೇ ಕಡೇ ದಿನ. ಕಾನ್ವೆಂಟಲ್ಲಿ ಓದ್ದೋರು, ಬರ್ಕೊಡಿ."

"ಕೂದ್ಲು ನೆಟ್ಟುಗ್ ಮಾಡಕ್ಕೆ ನಂಗ್ ಬರಲ್ಲ ಆಂಟಿ. ಇದ್ ಬತ್ತದೆ," ಎಂದಳು ಚಂದನಾ, ತಲೆ ಎತ್ತದೆ.

ಸಿಸ್ಟರುಗಳು ಕಲಿಸಿದಂತೆ ಬರೆದೆ: ದಯಮಾಡಿ ಅವಕಾಶ ಕರುಣಿಸಬೇಕಾಗಿ ವಿನಮ್ರ ಪ್ರಾರ್ಥನೆ. ಅವಳು ಗ್ರೀಸಿನ ಬೆರಳು ತಾಗದಂತೆ ಓದಿದಳು. "ಇಷ್ಟೊಂದ್ ಯಾಕ್ ಬೇಡ್ಕೊಂಡಿದ್ದೀರಾ? ಹುಡುಗ್ರು ಬರೀ ಹೆಸ್ರು ಕೊಟ್ಟವ್ರೆ."

ಕೈ ಒರೆಸಿಕೊಂಡು ಸಮಾಜ ವಿಜ್ಞಾನದ ಪುಸ್ತಕ ತಂದಳು. ಸಂವಿಧಾನದ ಹದಿನೈದನೇ ವಿಧಿ: ಲಿಂಗದ ಆಧಾರದ ಮೇಲೆ ಸರ್ಕಾರ ತಾರತಮ್ಯ ಮಾಡುವಂತಿಲ್ಲ. ನಾನೂ ಇದನ್ನು ಬಾಯಿಪಾಠ ಮಾಡಿ ಅಂಕ ಪಡೆದವಳೇ. ಆದರೆ ನಮ್ಮ ಕಾನ್ವೆಂಟಿನಲ್ಲಿ ಹುಡುಗರೇ ಇರಲಿಲ್ಲ. ನಮಗೆ ಸಿಗದಿದ್ದುದು ಯಾರಿಗೆ ಸಿಕ್ಕಿತೆಂದು ನೋಡುವ ಅವಕಾಶವೂ ಇರಲಿಲ್ಲ.

ಇನ್ನೊಂದು ಹಾಳೆಯಲ್ಲಿ ಎರಡೇ ಸಾಲು ಬರೆದೆ. ಒಂದರಲ್ಲಿ ಅವಳ ಹೆಸರು, ಬೇಕಾದ ವಿಷಯ. ಇನ್ನೊಂದರಲ್ಲಿ ಆ ವಿಧಿ.

ಹತ್ತು ಗಂಟೆಗೆ ಮೂವರೂ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯರು ಹಾಳೆಯನ್ನು ಎರಡು ಸಲ ಓದಿದರು. "ರೂಲೇನಿಲ್ಲಮ್ಮ. ಇದುವರ್ಗೂ ಯಾವ ಹುಡ್ಗೀನೂ ಕೇಳಿರ್ಲಿಲ್ಲ. ಅಪ್ಪನ ಸಹಿ ಎಲ್ಲಿ?"

"ಹುಡುಗರ ಒಪ್ಪಿಗೆ ಪತ್ರ ಒಂದು ತೋರಿಸಿ ಸಾರ್, ಅದೇ ನಮೂನೆಯಲ್ಲಿ ಬರೆದುಕೊಡುತ್ತೇನೆ," ಎಂದೆ. ಕುಟುಕಲು ಹೇಳಿದ್ದಲ್ಲ, ಹೆಸರಿನ ಜೊತೆ ಅವರ ಮನೆಯವರ ಪತ್ರವೂ ಇರುತ್ತದೆಂದುಕೊಂಡಿದ್ದೆ, ನನಗೆ ನಿಜಕ್ಕೂ ನಮೂನೆ ಬೇಕಿತ್ತು. ಅವರು ಫೈಲು ತಿರುವಿದರು. ಒಂದೂ ಇರಲಿಲ್ಲ. ಪೆನ್ನು ತೆಗೆದು ಆಟೋಮೊಬೈಲ್ ಪಟ್ಟಿಯ ಕೊನೆಗೆ ಚಂದನಾಳ ಹೆಸರು ಸೇರಿಸಿದರು.

ಮಧ್ಯಾಹ್ನ ಮಂಗಳೂರಿಗೆ ಫೋನು ಮಾಡಿ, "ನಮ್ಮ ಶಾಲೆಯಲ್ಲಿ ಇವತ್ತು..." ಎಂದು ಶುರುಮಾಡಿದರೆ ಅಮ್ಮ, "ಯಾವ ನಮ್ಮ ಶಾಲೆ ಮಾರಾಯ್ತಿ?" ಎಂದರು.

ಸಂಜೆ ಜಯಕ್ಕ ಡೈರಿಗೆ ಹಾಲು ಹಾಕಿ ಬರುತ್ತಾ ನಮ್ಮ ಗೇಟಿನ ಬಳಿ ನಿಂತರು. "ಜೊತೇಲಿ ಇಸ್ಕೂಲಿಗೆ ಬಂದಿದ್ದೋರು ಯಾರು ಅಂತ ಡೈರೀಲಿ ಕೇಳ್ತಿದ್ರು ಕಣಕ್ಕ. ನಮ್ ಬೀದಿಯೋರೇ ಅಂದೆ. ಮಂಗ್ಳೂರೋರು ಅನ್ನಕೋದ್ರೆ ಕತೆ ಉದ್ದ ಆಯ್ತದೆ."