ಗುಡ್ಡದ ಮೇಲೆ ನಾನು ಎಳೆದ ಗೆರೆ

ಮೊನ್ನೆ ಸಂಜೆ ಕರೆಂಟು ಹೋಗಿ ಬಂತು. ಹೆಂಡತಿ ಮೇಣದಬತ್ತಿಯನ್ನು ಊದಿ ಆರಿಸಿದಳು. ಆ ಹೊಗೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಎದ್ದು ಅಂಗಳಕ್ಕೆ ಹೋಗಿ ನಿಂತೆ. ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದವನು ಒಂದು ಬತ್ತಿಗೆ ಹೆದರುವುದೇ ಎಂದು ನಿಮಗೆ ನಗು ಬರಬಹುದು. ಪೂರ್ತಿ ಕೇಳಿ ಆಮೇಲೆ ನಗಿ.

ಅಡೂರಿನ ಆಚೆ, ಪಯಸ್ವಿನಿ ಹೊಳೆಗೆ ಇಳಿಯುವ ಒಂದು ತೋಡಿನ ಬದಿಯಲ್ಲಿ ನಮ್ಮ ಮನೆ. ನೀರು ಬರುವುದು ಗುಡ್ಡದ ಹೊಟ್ಟೆಗೆ ಕೊರೆದ ಸುರಂಗದಿಂದ. ಒಬ್ಬ ಮನುಷ್ಯ ಬಗ್ಗಿ ನಡೆಯಬಹುದಾದಷ್ಟೇ ಜಾಗ, ಕೊನೆಯಲ್ಲಿ ಬಂಡೆಯಿಂದ ಜಿನುಗುವ ನೀರಿನ ಒಸರು. ನಮ್ಮಲ್ಲಿ ಕೆಲಸಕ್ಕೆ ಬರುವ ಕೊಗ್ಗಣ್ಣನ ಅಪ್ಪ ಅಗೆದದ್ದು. ರಬ್ಬರಿಗೆ ದರ ಏರಿದ ವರ್ಷಗಳಲ್ಲಿ ನಮ್ಮ ಕಣಿವೆಯ ಗುಡ್ಡಗಳು ಒಂದೊಂದಾಗಿ ಬೋಳಾಗಿ ಮೆಟ್ಟಿಲು ಮೆಟ್ಟಿಲಾದವು. ನೆತ್ತಿಯ ಪಾರೆಯನ್ನು, ಆ ಬಂಡೆಹಾಸನ್ನು, ಕೆಂಪುಕಲ್ಲಿಗೆಂದು ಚೌಕ ಚೌಕವಾಗಿ ಕೊರೆದರು. ಬೇಸಿಗೆ ಬರುವ ಮೊದಲೇ ತೋಡು ಬತ್ತತೊಡಗಿತು. ತರಗತಿಯಲ್ಲಿ ನದಿಯ ಪಾಠ ಮಾಡುತ್ತಾ, ಚಾವಡಿಯಲ್ಲಿ ಊರವರನ್ನು ಬೈಯುತ್ತಾ ಇದ್ದ ನಾನು, ಕೊನೆಗೆ ರಬ್ಬರ್ ನೆಡಲು ನನ್ನ ಗುಡ್ಡಕ್ಕೂ ಜೆಸಿಬಿ ಕರೆಸಿದೆ.

ಅದೇ ದಿನ ಸುರಂಗದ ಕೆಸರು ತೆಗೆಯಲು ಕೊಗ್ಗಣ್ಣ ಮತ್ತು ಅವನ ಹೆಂಡತಿ ಕಮಲಕ್ಕ ಬಂದಿದ್ದರು. ಅವನು ಮೇಣದಬತ್ತಿ ಹಚ್ಚಿಕೊಂಡ. ಒಳಗೆ ಗಾಳಿ ಇದೆಯೋ ಇಲ್ಲವೋ ಹೇಳುವುದು ಅದೇ.

“ಮಾಸ್ಟ್ರೇ, ಮೇಲೆ ಮಿಷನ್ ಓಡ್ತಾ ಉಂಟಲ್ಲ?”

“ಸುರಂಗದಿಂದ ದೂರ ಮಾರಾಯ. ನಾನೇ ಸುಣ್ಣದಲ್ಲಿ ಗೆರೆ ಎಳೆದಿದ್ದೇನೆ.”

“ಹಾಗಾದರೆ ಆಯ್ತು. ತಪ್ಪಿದರೆ ನಿಮ್ಮನ್ನೇ ಬೆಂಚಿನ ಮೇಲೆ ನಿಲ್ಲಿಸುವ,” ಎಂದು ನಗುತ್ತಾ ಒಳಗೆ ಹೋದ.

ಸುರಂಗದ ಬಾಯಿಯಿಂದ ಗುಡ್ಡದ ನೆತ್ತಿಗೆ, ಕರಿಹಲಗೆಯ ಮೇಲೆ ಎಳೆದಷ್ಟು ನೇರ ಗೆರೆ ಅದು. ಸುರಂಗ ಅದರ ಅಡಿಯಲ್ಲೇ ನೇರ ಹೋಗುತ್ತದೆಂದು ಎಣಿಸಿ ಎಡಬದಿಯನ್ನು ಮಿಷನ್ನಿಗೆ ಬಿಟ್ಟಿದ್ದೆ.

ಮೂರನೆಯ ಮೆಟ್ಟಿಲು ಕಡಿಯುವಾಗ ಜೆಸಿಬಿಯ ಕೈ ನೆಲದೊಳಗೆ ಇಳಿಯಿತು. ದೊಡ್ಡ ಸದ್ದೇನೂ ಇಲ್ಲ. ನೆಲ ಸುಮ್ಮನೆ ಕುಸಿಯಿತು, ಅಷ್ಟೆ. ತೂತಿನಿಂದ ಕೆಂಪು ಧೂಳು ಎದ್ದಿತು, ಧೂಳಿನ ಜೊತೆ ಆರಿದ ಬತ್ತಿಯ ವಾಸನೆ. ಬೋರಲು ಮಲಗಿ ಕೂಗಿದೆ. ತೂತಿಗೆ ಕಿವಿ ಇಟ್ಟೆ, ಮತ್ತೆ ಕೂಗಿದೆ. ಆಪರೇಟರ್ ಮಣ್ಣು ಎತ್ತಲು ಹೊರಟಾಗ ಕೆಳಗೆ ಸುರಂಗದ ಬಾಯಿಯ ಬಳಿಯಿಂದ ಕಮಲಕ್ಕನ ದನಿ ಬಂತು: “ಅದನ್ನು ನಿಲ್ಲಿಸಿ. ನಾನು ಒಳಗೆ ಹೋಗ್ತೇನೆ.”

ಎಷ್ಟು ಹೊತ್ತೋ. ಆಮೇಲೆ ತೂತಿನ ಅಡಿಯಲ್ಲಿ ಕೆಮ್ಮು ಕೇಳಿಸಿತು.

“ಮಾಸ್ಟ್ರೇ, ಅಲ್ಲಿಂದ ಹಿಂದೆ ಸರಿಯಿರಿ. ನಿಮ್ಮ ಭಾರಕ್ಕೆ ಇನ್ನೂ ಬೀಳ್ತದೆ.”

ಸೊಂಟದವರೆಗೆ ಹೂತುಹೋಗಿದ್ದ ಮನುಷ್ಯ ಹೇಳಿದ ಮಾತು ಅದು. ಕಮಲಕ್ಕ ಬರಿಗೈಯಲ್ಲಿ ಮಣ್ಣು ಗೋರಿ ಅವನನ್ನು ಎಳೆದು ತಂದಳು. ಸ್ವಲ್ಪ ಸುಧಾರಿಸಿಕೊಂಡು ಅವನು ಮೆಲ್ಲ ಮೇಲೆ ಹತ್ತಿದ, ನನ್ನ ಗೆರೆಯನ್ನು ನೋಡಿದ.

“ಇಲ್ಲಿ ಬಂಡೆ ಅಡ್ಡ ಸಿಕ್ಕಿ ಅಪ್ಪ ಎಡಕ್ಕೆ ತಿರುಗಿದ್ದು.”

“ಇವರಲ್ಲಿ ಒಂದು ಮಾತು ಕೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ?” ಎಂದು ಅವನ ಹಿಂದೆಯೇ ಹತ್ತಿ ಬಂದ ಕಮಲಕ್ಕ ನನ್ನನ್ನು ಕೇಳಿದಳು. ಅವಳ ಉಗುರುಗಳಿಂದ ರಕ್ತ ಬರುತ್ತಿತ್ತು.

ಆ ಸುರಂಗ ಮತ್ತೆ ನೀರು ಕೊಡಲಿಲ್ಲ. ಕಮಲಕ್ಕ ಮತ್ತೆ ನನ್ನಲ್ಲಿ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ಎದುರು ಗುಡ್ಡದಲ್ಲಿ ಜೆಸಿಬಿ ಸದ್ದು ಕೇಳಿತು. ಚಪ್ಪಲಿಯೂ ಹಾಕದೆ ಒಣಗಿದ ತೋಡು ದಾಟಿ ಓಡಿದೆ. ಯಂತ್ರದ ಎದುರು ಕೈ ಚಾಚಿ ನಿಂತೆ.

“ಎಂತ ಮಾಸ್ಟ್ರೇ?” ಎಂದ ಅದರ ಆಪರೇಟರ್.

“ಅಡಿಯಲ್ಲಿ ಯಾರಾದರೂ ಇದ್ದಾರಾ?”

“ಅಡಿಯಲ್ಲಿ ಯಾರು ಇರ್ತಾರೆ? ಯಾರೂ ಇಲ್ಲ.”

“ಹೋಗಿ ನೋಡಿದ್ದು ಯಾರು?”

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಎಂಜಿನ್ ನಿಲ್ಲಿಸಿದ.